ಮುಜಂಟಿ ಸಾರಿದ ಕಟ್ಟಳೆ

ಮುಜಂಟಿ ಜೇನು ತಾನು ಕೂಡಿಟ್ಟ ಜೇನುತುಪ್ಪವನ್ನು ತಾನೇ ಮನೆಮನೆಗೆ ಹೊತ್ತು ಮಾರುತ್ತಿತ್ತು. ಅದೇ ಕಾಡಿನ ಗೊರವಂಕ ಹಕ್ಕಿ ಮದ್ದೆಂದು ಎಲೆಯ ಪೊಟ್ಟಣ ಮಾರುತ್ತಿತ್ತು. "ಒಂದು ಹಣ್ಣು ಕೊಟ್ಟು ಪೊಟ್ಟಣ ಕೊಳ್ಳಿ. ಇನ್ನಿಬ್ಬರನ್ನು ಕರೆತನ್ನಿ, ಅವರ ಹಣ್ಣಿನಲ್ಲಿ ನಿಮಗೂ ಪಾಲು!" ಅಳಿಲುಗಳು ಬಂಧುಬಳಗವನ್ನೆಲ್ಲ ಎಳೆತಂದವು. ಕರೆತರಲು ಯಾರೂ ಉಳಿಯದಾದಾಗ ತಲೆಯ ಮೇಲೆ ಕೈಹೊತ್ತು ಕೂತವು.

ಇದನ್ನು ಕಂಡ ಕಾಡಿನ ಒಡೆಯ ಆನೆ ಕಟ್ಟಳೆ ಮಾಡಿತು: "ಕೊಂಡವರು ಬೇಡವೆಂದರೆ, ಮಾರಿದವರು ಮಾಲು ವಾಪಸು ಪಡೆದು ಬೆಲೆ ಹಿಂದಿರುಗಿಸಬೇಕು. ಇದು ಎಲ್ಲರಿಗೂ ಒಂದೇ."

ಮುಜಂಟಿಗೆ ಮೈಯೆಲ್ಲ ಉರಿಯಿತು. "ಒಡೆಯಾ, ನನ್ನನ್ನೂ ಆ ಬಾಯಿಬಡುಕನ ಸಾಲಿಗೆ ಸೇರಿಸಿದಿರಾ?"

"ಒರೆಗಲ್ಲಿಗೆ ಉಜ್ಜಿದರೆ ಚಿನ್ನಕ್ಕೇನು ಅವಮಾನವಮ್ಮ?" ಎಂದಿತು ಆನೆ.

ಮರುದಿನ ಅಳಿಲುಗಳು ಪೊಟ್ಟಣ ಹೊತ್ತು ಹೋಗುವಷ್ಟರಲ್ಲಿ ಗೊರವಂಕ ಗೂಡು ಬಿಟ್ಟು ಹಾರಿಹೋಗಿತ್ತು. ಮುಜಂಟಿಯ ಬಾಗಿಲಿಗೂ ಮುದಿ ಕೋತಿಯೊಂದು ಕೆಮ್ಮುತ್ತ ಬಂತು.

"ಅಜ್ಜಾ, ತುಪ್ಪ ವಾಪಸು ತಂದಿರಾ?" ಮುಜಂಟಿ ಅಳುಕುತ್ತ ಕೇಳಿತು.

"ಉಳಿದಿದ್ದರೆ ತಾನೇ ತಾಯಿ! ದೊನ್ನೆ ತಂದಿದ್ದೇನೆ, ಇನ್ನಷ್ಟು ಹಾಕು."

ಮುಜಂಟಿ ದೊನ್ನೆ ತುಂಬಿಸಿತು. ಆಮೇಲೆ ಕೊಂಬೆಯ ತುದಿಗೇರಿ, ಕಾಡಿಗೆಲ್ಲ ಕೇಳುವಂತೆ ಸಾರಿತು: "ಬೇಡವಾದರೆ ವಾಪಸು ತನ್ನಿ ಅಜ್ಜಾ, ಕಟ್ಟಳೆಯಿದೆ!"