ಕೊಕ್ಕರೆರಾಯರ ಹೊಸ ಲಿಗಮೆಂಟ್

ಕುಣಿಯಲು ಹೋಗಿ ಮೊಣಕಾಲಿನ ಕೀಲನ್ನು ಬಿಗಿಹಿಡಿಯುವ ಲಿಗಮೆಂಟ್ ಹರಿದುಕೊಂಡಿದ್ದ ಕೊಕ್ಕರೆರಾಯರು ಆಪರೇಷನ್ ಮಾಡಿಸಿ ಹೊಸದನ್ನು ಹಾಕಿಸಿಕೊಂಡರು. "ಎಳ್ಳಷ್ಟೂ ನೋವಿಲ್ಲ, ಕಾಲು ಉಕ್ಕು!" ಎಂದು ಕೆರೆಗೆಲ್ಲ ಸಾರಿ, ಏಡಿಯೊಂದನ್ನು ಅಟ್ಟಿಸಿಕೊಂಡು ಹೋದರು. ನೇರವಾಗಿ ಓಡುವಷ್ಟು ಹೊತ್ತು ಎಲ್ಲ ಸರಿಯಿತ್ತು. ಏಡಿ ಪಕ್ಕಕ್ಕೆ ಹೊರಳಿತು, ರಾಯರೂ ಹೊರಳಿದರು. ಮೊಣಕಾಲು ಒಳಗೇ ಜಾರಿ ಧೊಪ್ಪನೆ ಬಿದ್ದರು.

"ಹಾಳು ಕೆಸರು!" ಎಂದರು ರಾಯರು.

"ನಿನ್ನೆ ಬಂಡೆಯ ಮೇಲೆ ಬಿದ್ದು ಬಂಡೆಯನ್ನು ಬೈದಿರಿ," ಎಂದಿತು ಏಡಿ, ದೂರದಲ್ಲೇ ನಿಂತು. "ತಿರುಗಿದಾಗಲೆಲ್ಲ ಮೊಣಕಾಲು ಜಾರುತ್ತದೆ, ಆಮೇಲೆ ಊದುತ್ತದೆ. ಹೊಸದಾಗಿ ಹಾಕಿದ ಲಿಗಮೆಂಟ್ ಸಡಿಲವಾಗಿರಬೇಕು. ಡಾಕ್ಟರಿಗೆ ತೋರಿಸಿ."

"ನೋವೇ ಇಲ್ಲವಲ್ಲ!"

"ಹಾಗಾದರೆ ಯಾವಾಗಲೂ ಇನ್ನೊಂದು ಕಾಲಿನ ಮೇಲೇ ಯಾಕೆ ನಿಲ್ಲುತ್ತೀರಿ?"

ರಾಯರು ಬಗ್ಗಿ ನೋಡಿಕೊಂಡರು. ಈಗ ಎದ್ದು ನಿಂತದ್ದೂ ಆ ಇನ್ನೊಂದು ಕಾಲಿನ ಮೇಲೆಯೇ. ನಗು ತಡೆಯಲಾಗಲಿಲ್ಲ.

"ಕಾಲಿಗೆ ಎಂದೋ ಗೊತ್ತಾಗಿದೆ ಮಾರಾಯ. ಇಷ್ಟುದ್ದದ ಕತ್ತು ಹತ್ತಿ ತಲೆಗೆ ಸುದ್ದಿ ಮುಟ್ಟಿದ್ದು ಇವತ್ತು!"