ಅಸಲಿ ಸ್ಕ್ರೂ

ಸಂಜೆ ಕಾಫಿಯ ಹೊತ್ತಿಗೆ ಅಜ್ಜಿಯ ರೆಕಾರ್ಡ್ ಪ್ಲೇಯರು ಬೀದಿಗೆಲ್ಲ ಕೇಳುತ್ತಿದ್ದ ಕಾಲ ಅದು. ಒಂದು ದಿನ ಅದರ ಮುಳ್ಳಿನ ತೋಳನ್ನು ಹಿಡಿದಿಡುವ ಸ್ಕ್ರೂ ಕಳೆದುಹೋಯಿತು. ಪ್ಲೇಯರು ಹಾಡದಿದ್ದರೆ, ರೆಕಾರ್ಡಿನಲ್ಲಿ ಹಾಡಿದ್ದ, ಈಗ ತೀರಿಕೊಂಡ ತಮ್ಮ ತಂಗಿಯ ದನಿ ಅಜ್ಜಿಗೆ ಇನ್ನೆಲ್ಲೂ ಸಿಗುವಂತಿರಲಿಲ್ಲ.

ಅಡುಗೆಯ ಗೌರಕ್ಕ ನನ್ನನ್ನೂ ಕರೆದುಕೊಂಡು ತುಮಕೂರಿನ ಮಂಡಿಪೇಟೆಯೆಲ್ಲ ಅಲೆದಳು. ಎಲ್ಲ ಅಂಗಡಿಯಲ್ಲೂ ಒಂದೇ ಮಾತು: "ಆ ಕಂಪನಿಯೇ ಮುಚ್ಚಿಹೋಯ್ತಲ್ಲಮ್ಮ."

ಅಂಥದೇ ಪ್ಲೇಯರು ಎದುರುಮನೆಯ ವೆಂಕಟಾಚಲಯ್ಯನವರಲ್ಲಿತ್ತು. ಮೋಟಾರು ಸುಟ್ಟು, ಕ್ರೋಶಾ ಹೊದಿಕೆಯ ಕೆಳಗೆ ಬರೀ ಶೋಭೆಗೆ ಕೂತಿತ್ತು. ಅದರ ಸ್ಕ್ರೂ ಕೇಳಲು ಅವರ ಮನೆಗೆ ಹೋದೆವು.

"ಸ್ಕ್ರೂ ಕೊಡಲ್ಲ. ಬೇಕಾದರೆ ನಿಮ್ಮ ಪ್ಲೇಯರನ್ನೇ ನನಗೆ ಕೊಟ್ಟುಬಿಡಿ," ಎಂದು ಅವರು ಮೀಸೆ ತಿರುವಿದರು.

"ಹೋಗಲಿ ಬಿಡಿ ಸ್ವಾಮಿ," ಎಂದಳು ಗೌರಕ್ಕ. "ಅಸಲಿ ಸ್ಕ್ರೂ ಈ ಊರಲ್ಲೇ ಉಳಿದಿಲ್ಲವಂತೆ. ನಿಮ್ಮದೂ ಡೂಪ್ಲಿಕೇಟೇ ಇರಬೇಕು, ಪಾಪ."

"ಡೂಪ್ಲಿಕೇಟಾ? ಮದುವೇಲಿ ನಮ್ಮ ಮಾವ ಕೊಟ್ಟಿದ್ದು ಕಣಮ್ಮ ಇದು!"

"ಮಾವಂದಿರು ಏನೇನೋ ಕೊಡ್ತಾರೆ ಬಿಡಿ."

ಅವರು ಅಲ್ಲೇ ಸ್ಕ್ರೂ ಬಿಚ್ಚಿದರು. ದಡದಡ ನಮ್ಮ ಮನೆಗೆ ಬಂದು ತಾವೇ ಕೂರಿಸಿದರು. ಸರಿಯಾಗಿ ಕೂತಿತು. ಹಾಡು ಶುರುವಾಯಿತು. ಅಜ್ಜಿ ಕಣ್ಣು ಮುಚ್ಚಿಕೊಂಡರು. ಹಾಡು ಮುಗಿಯಿತು.

ವೆಂಕಟಾಚಲಯ್ಯನವರು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡರು.

"ಬಿಚ್ಚಿ ಸ್ವಾಮಿ, ನಿಮ್ಮದೇ ತಾನೆ," ಎಂದಳು ಗೌರಕ್ಕ. "ಆದರೆ ಬೀದಿಯವರ ಬಾಯಿ ಗೊತ್ತಲ್ಲ. ಸ್ಕ್ರೂ ಕೂರಲಿಲ್ಲ, ಅದಕ್ಕೇ ವಾಪಸ್ ಒಯ್ದರು ಅಂತಾರೆ. ಇಲ್ಲೇ ಇದ್ದರೆ ದಿನಾ ಸಂಜೆ ನಿಮ್ಮ ಮಾವನ ಹೆಸರು ಹೇಳ್ತೀವಿ."

ಅವರು ಅಜ್ಜಿಯ ಮುಖ ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿ ಮಾಡಿ, ಗಂಭೀರವಾಗಿ ಹೇಳಿದರು:

"ಅಸಲಿ ಮಾಲು ಅಲುಗಾಡಬಾರದು."