ಕಡಲು ದಾಟಿದ ಕಲ್ಲು

ತುಂಗಭದ್ರೆಯ ದಂಡೆಯ ಕಲ್ಲೊಂದು ಪ್ರಯಾಣಿಕಳೊಬ್ಬಳ ಚೀಲದಲ್ಲಿ ಕುಳಿತು ಪರದೇಶದ ವಿಮಾನ ನಿಲ್ದಾಣದಲ್ಲಿ ಬಂದಿಳಿಯಿತು. ಅಲ್ಲಿ ಚೀಲಗಳನ್ನು ಮೂಸಿ ನೋಡುವ ನಾಯಿ ಅದರ ಮುಂದೆ ಬಂದು ಕುಳಿತುಬಿಟ್ಟಿತು.

"ದಾರಿ ಬಿಡಪ್ಪ," ಎಂದಿತು ಕಲ್ಲು. "ನಾನು ಮೊಳೆಯುವುದಿಲ್ಲ, ಮರಿ ಹಾಕುವುದಿಲ್ಲ. ನನ್ನಿಂದ ನಿಮ್ಮ ದೇಶಕ್ಕೇನು ಕೇಡು?"

"ನಿಮ್ಮಿಂದ ಏನೂ ಇಲ್ಲ. ನಿಮ್ಮ ಮೈಗೆ ಮೆತ್ತಿರುವ ಮಣ್ಣಿನಲ್ಲಿ ಯಾರಿದ್ದಾರೆ?"

ಕಲ್ಲು ಅದನ್ನು ಎಂದೂ ವಿಚಾರಿಸಿರಲಿಲ್ಲ. "ಯಾರಾದರೂ ಇರಲಿ. ಈ ಮಣ್ಣು ನನ್ನ ಊರಿನ ಗುರುತು. ಇದನ್ನು ತೊಳೆದುಕೊಂಡರೆ ನಾನು ಯಾವ ಹೊಳೆಯವನೆಂದು ಇಲ್ಲಿ ಯಾರಿಗೆ ತಿಳಿಯುತ್ತದೆ?"

"ತೊಳೆದುಕೊಂಡರೆ ಒಳಗೆ ಬರಬಹುದು. ಇಲ್ಲವಾದರೆ ಅಗೋ, ಆ ಕಸದ ಡಬ್ಬಿ. ಅಲ್ಲಿ ಯಾರೂ ಯಾರ ಊರನ್ನೂ ಕೇಳುವುದಿಲ್ಲ," ಎಂದಿತು ನಾಯಿ.

ಕಲ್ಲು ಮುಖ ಬಿಗಿದುಕೊಂಡೇ ಒಪ್ಪಿತು. ನಾಯಿಯ ಜೊತೆಗಿದ್ದ ತಪಾಸಣೆಯ ಅಧಿಕಾರಿ ಅದನ್ನು ನಲ್ಲಿಯ ಕೆಳಗೆ ಹಿಡಿದು ಬ್ರಷ್ಷಿನಿಂದ ತಿಕ್ಕಿದ. ಮಣ್ಣಿನೊಡನೆ ಬಸವನಹುಳುವಿನ ಮರಿಗಳೂ ಉದುರಿದವು. ಆ ಮಣ್ಣು ಮುಚ್ಚಿದ್ದ ಕಲ್ಲಿನ ಮೈಮೇಲೆ, ಹೊಳೆಯ ನೀರು ಯುಗಯುಗಗಳಿಂದ ಸವೆಸಿ ಮೂಡಿಸಿದ್ದ ಅಲೆಯಂಥ ಗೆರೆಗಳು ಕಾಣಿಸಿದವು.

ನಾಯಿ ಮೂಗು ತಗ್ಗಿಸಿ ಆ ಗೆರೆಗಳನ್ನು ಕುತೂಹಲದಿಂದ ನೋಡಿತು.

"ಇಷ್ಟು ಒಳ್ಳೆಯ ಗುರುತನ್ನು ಮುಚ್ಚಿಕೊಂಡು ಬಂದಿರಾ?" ಎನ್ನುತ್ತ ಎದ್ದು ದಾರಿ ಬಿಟ್ಟಿತು.